ಖಾತೆ ಮಗನ ಹೆಸರಿಗೆ, ಸರಿ, ಮನೆ ಯಾರದ್ದು?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ವಯಸ್ಸು 74. ತಿಪಟೂರಿನಲ್ಲಿ ಒಂದು ಮನೆ ಇದೆ. 1991ರಲ್ಲಿ ಸಂಬಳದ ಹಣದಲ್ಲಿ ನಿವೇಶನ ಕೊಂಡು ಆಮೇಲೆ ಕಟ್ಟಿಸಿದ್ದು, ಕ್ರಯಪತ್ರ ನನ್ನೊಬ್ಬನ ಹೆಸರಿನಲ್ಲಿದೆ. ಊರಿನಲ್ಲಿ 2 ಎಕರೆ 10 ಗುಂಟೆ ತೆಂಗಿನ ತೋಟವಿದೆ. ಅದು ತಾತನ ಕಾಲದಿಂದ ಬಂದ ಮನೆತನದ ಜಮೀನು. 1979ರಲ್ಲಿ ನಮ್ಮ ತಂದೆಯವರೇ ಮುಂದೆ ನಿಂತು ಪಾಲು ಮಾಡಿದಾಗ ನೋಂದಣಿಯಾದ ಪಾಲುಪಾರಿಖತ್ತಿನ ಪ್ರಕಾರ ನನ್ನ ಭಾಗಕ್ಕೆ ಬಂತು. ಪತ್ನಿ ತೀರಿಕೊಂಡು ಆರು ವರ್ಷವಾಯಿತು. ದೊಡ್ಡ ಮಗ ಬೆಂಗಳೂರಿನಲ್ಲಿದ್ದಾನೆ. ಮಗಳು ಅಮೆರಿಕದಲ್ಲಿದ್ದಾಳೆ, ಅಲ್ಲಿನ ಪೌರತ್ವ ಪಡೆದಿದ್ದಾಳೆ, ಈ ಡಿಸೆಂಬರ್‌ನಲ್ಲಿ ಊರಿಗೆ ಬರುವವಳಿದ್ದಾಳೆ. ಚಿಕ್ಕ ಮಗ, ಸೊಸೆ ನನ್ನ ಜೊತೆಗಿದ್ದು ನೋಡಿಕೊಳ್ಳುತ್ತಿದ್ದಾರೆ. ಮನೆ, ತೋಟ ಎರಡನ್ನೂ ಚಿಕ್ಕವನ ಹೆಸರಿಗೆ ಮಾಡಿಬಿಡಬೇಕೆಂದಿದ್ದೇನೆ. ನೂರು ರೂಪಾಯಿ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿ ಖಾತೆ ಬದಲಾಯಿಸಿದರೆ ಸಾಕು ಎಂದು ಪರಿಚಯದ ಮಧ್ಯವರ್ತಿಯೊಬ್ಬರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದ ಅಕ್ಷರ ಈಗಲೂ ಕಪ್ಪುಹಲಗೆಯ ಮೇಲಿನ ಅಕ್ಷರದಂತೆಯೇ ಇದೆ. ಅದರಲ್ಲಿ ಒಂದೇ ಒಂದು ಕಡೆ ಕಾಟು ಬಿದ್ದಿದೆ. ‘ಚಿಕ್ಕ ಮಗ, ಸೊಸೆ ನನ್ನ ಜೊತೆಗಿದ್ದು ನೋಡಿಕೊಳ್ಳುತ್ತಿದ್ದಾರೆ’ ಎಂದ ಮೇಲೆ ‘ಆದರೆ’ ಎಂದು ಬರೆದು ಹೊಡೆದುಹಾಕಿದ್ದೀರಿ. ಆ ಕಾಟಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮಧ್ಯವರ್ತಿಯ ಸಲಹೆಯನ್ನು ಬದಿಗಿಡೋಣ.

ನೋಟರಿಯ ಮುದ್ರೆ ಹೇಳುವುದು ಇಷ್ಟೇ: ಈ ವ್ಯಕ್ತಿ ನನ್ನ ಮುಂದೆ ಸಹಿ ಹಾಕಿದರು ಎಂದು. ಮನೆಯ ಒಡೆತನ ಅದರಿಂದ ಒಂದು ಅಂಗುಲವೂ ಕದಲುವುದಿಲ್ಲ. ಸ್ಥಿರಾಸ್ತಿಯನ್ನು ದಾನವಾಗಿ ಕೊಡುವುದಾದರೆ ನೋಂದಣಿಯಾದ ಪತ್ರವೇ ಬೇಕು, ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 123ನೇ ಕಲಂ ಹೇಳುತ್ತದೆ. ಮಾರಾಟಕ್ಕೂ ಹಾಗೆಯೇ, ನೂರು ರೂಪಾಯಿ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಣಿಯಾಗಲೇಬೇಕು. ಆ ನೂರು ರೂಪಾಯಿಯ ಮಿತಿ ಬ್ರಿಟಿಷರು ಬರೆದಿಟ್ಟದ್ದು, ಇವತ್ತಿಗೂ ಹಾಗೆಯೇ ಇದೆ. ನೂರು ರೂಪಾಯಿಗೆ ಈಗ ಯಾವ ಊರಿನಲ್ಲಿ ಒಂದು ಅಡಿ ಜಾಗ ಸಿಗುತ್ತದೆ? ಹಾಗಾಗಿ ವಿನಾಯಿತಿಯೇ ಇಲ್ಲ ಎಂದುಕೊಳ್ಳಿ. ಸಾಮಾನ್ಯ ಅಧಿಕಾರಪತ್ರ ಬರೆದುಕೊಟ್ಟು ‘ಮಾರಿದೆ’ ಎನ್ನುವ ಇನ್ನೊಂದು ಅಡ್ಡದಾರಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಮುಚ್ಚಿದೆ.

ಇನ್ನು ಖಾತೆ. ನಮ್ಮಲ್ಲಿ ‘ಮನೆ ಮಗನ ಹೆಸರಿಗಾಯಿತು’ ಎಂದರೆ ಜನ ಖಾತೆ ಆಯಿತು ಎಂದೇ ತಿಳಿಯುತ್ತಾರೆ. ನಗರಸಭೆಯ ಖಾತೆಯಾಗಲಿ, ತೋಟದ ಪಹಣಿಯಾಗಲಿ ಸರ್ಕಾರ ತೆರಿಗೆಯನ್ನು, ಕಂದಾಯವನ್ನು ಯಾರಿಂದ ಕೇಳಬೇಕು ಎಂಬುದಕ್ಕೆ ಇಟ್ಟುಕೊಂಡ ಲೆಕ್ಕ. ಅದರಿಂದ ಹಕ್ಕು ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲ. ಸುಪ್ರೀಂ ಕೋರ್ಟ್ ಇದನ್ನು ಎಷ್ಟು ಸಲ ಹೇಳಿದೆಯೆಂದರೆ ಹೊಸ ವಕೀಲರಿಗೂ ಬಾಯಿಪಾಠವಾಗಿದೆ. ಹಕ್ಕು ಬರುವುದು ಪತ್ರದಿಂದ ಅಥವಾ ವಾರಸಿಕೆಯಿಂದ. ಖಾತೆ ಅದರ ಹಿಂದೆ ಬರುವ ಕರು. ಕರುವನ್ನು ಹಿಡಿದು ಎಳೆದರೆ ಹಸು ಬರಲೇಬೇಕೆಂದಿಲ್ಲ.

ಈಗ ನಿಮ್ಮ ಎರಡು ಆಸ್ತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ನೀವು ಒಂದೇ ವಾಕ್ಯದಲ್ಲಿ ‘ಮನೆ, ತೋಟ ಎರಡನ್ನೂ’ ಎಂದಿದ್ದೀರಿ. ಕಾನೂನಿನ ಕಣ್ಣಿಗೆ ಅವು ಒಂದೇ ಜಾತಿಯವಲ್ಲ.

ತೋಟ ಪಿತ್ರಾರ್ಜಿತ. ತಂದೆಯಿಂದ ಬಂದದ್ದೆಲ್ಲ ಪಿತ್ರಾರ್ಜಿತವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಎಡವುವವರು ಬಹಳ. ತಂದೆ ತಮ್ಮ ಸ್ವಂತ ದುಡಿಮೆಯ ಆಸ್ತಿಯನ್ನು ಬಿಟ್ಟು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತೀರಿಕೊಂಡು, ಅದು ವಾರಸಿಕೆಯಿಂದ ಮಗನಿಗೆ ಬಂದರೆ ಅದು ಮಗನ ಸ್ವಂತ ಸ್ವತ್ತು. ಅವನು ಯಾರಿಗೆ ಬೇಕಾದರೂ ಕೊಡಬಹುದು. ನಿಮ್ಮದು ಹಾಗಲ್ಲ. ಮನೆತನದ ಜಮೀನು ಪಾಲಾಗಿ ನಿಮಗೆ ಬಂದಿದೆ. ಅದರಲ್ಲಿ ನಿಮ್ಮ ಮೂವರು ಮಕ್ಕಳಿಗೂ ಹುಟ್ಟಿನಿಂದಲೇ ಪಾಲಿದೆ. ಮಗಳಿಗೂ ಇದೆ, ಮದುವೆಯಾಗಿ ಎಷ್ಟು ವರ್ಷವಾದರೂ, ಪೌರತ್ವ ಯಾವ ದೇಶದ್ದಾದರೂ. ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಕೊಟ್ಟ ಆ ಹಕ್ಕಿನ ಬಗ್ಗೆ ಇದ್ದ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಪರಿಹರಿಸಿತು. ಲೆಕ್ಕ ಹಾಕಿದರೆ 2 ಎಕರೆ 10 ಗುಂಟೆ ಎಂದರೆ 90 ಗುಂಟೆ. ನೀವು, ಇಬ್ಬರು ಗಂಡುಮಕ್ಕಳು, ಮಗಳು, ನಾಲ್ಕು ಜನ. ತಲಾ ಇಪ್ಪತ್ತೆರಡೂವರೆ ಗುಂಟೆ. ಪಹಣಿಯಲ್ಲಿ ನಿಮ್ಮೊಬ್ಬರ ಹೆಸರೇ ಇರಬಹುದು, ಲೆಕ್ಕ ಬದಲಾಗುವುದಿಲ್ಲ.

ನಿಮ್ಮ ಪಾಲಿನ ಇಪ್ಪತ್ತೆರಡೂವರೆ ಗುಂಟೆಯನ್ನಾದರೂ ಚಿಕ್ಕವನಿಗೆ ದಾನ ಕೊಡಬಹುದಲ್ಲವೇ ಎಂದು ಕೇಳುತ್ತೀರಿ. ಒಟ್ಟು ಕುಟುಂಬದ ಆಸ್ತಿ ವಿಭಾಗವಾಗುವ ಮೊದಲು ತನ್ನ ಅವಿಭಜಿತ ಪಾಲನ್ನು ಉಳಿದ ಪಾಲುದಾರರ ಒಪ್ಪಿಗೆಯಿಲ್ಲದೆ ದಾನ ಕೊಟ್ಟರೆ ಆ ದಾನ ಊರ್ಜಿತವಲ್ಲ. ವಿಚಿತ್ರವೆಂದರೆ ಅದೇ ಪಾಲನ್ನು ಮರಣಶಾಸನದ ಮೂಲಕ ಕೊಡಬಹುದು, ಅದಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂನ ಅನುಮತಿ ಇದೆ. ಬದುಕಿರುವಾಗ ಕೊಡಲಾಗದ್ದನ್ನು ಸತ್ತ ಮೇಲೆ ಕೊಡಬಹುದು! ಕಾನೂನಿನಲ್ಲಿ ಇಂಥ ಮೂಲೆಗಳಿವೆ, ತರ್ಕ ಹುಡುಕಲು ಹೋಗಬೇಡಿ.

ಹಾಗಾಗಿ ತೋಟಕ್ಕೆ ಇರುವ ನೇರ ದಾರಿ ವಿಭಾಗ ಪತ್ರ. ನಾಲ್ವರೂ ಸೇರಿ ಬರೆಯುವ ಒಂದೇ ದಸ್ತಾವೇಜು. ದೊಡ್ಡವನಿಗೆ ಜಮೀನು ಬೇಡ, ಹಣ ಸಾಕು ಎಂದರೆ ಹಾಗೆ ಬರೆಯಬಹುದು. ಮಗಳು ಏನೂ ಬೇಡ ಎಂದರೆ ತನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಹಕ್ಕು ಖುಲಾಸೆ ಪತ್ರ ಮಾಡಿಕೊಡಬಹುದು. ಆದರೆ ‘ಅವಳೇನೂ ಕೇಳುವುದಿಲ್ಲ, ಫೋನಿನಲ್ಲಿ ಹೇಳಿದ್ದಾಳೆ’ ಎಂಬುದು ದಾಖಲೆಯಲ್ಲ. ಫೋನಿನಲ್ಲಿ ಬೇಡವೆಂದ ಹೆಣ್ಣುಮಗಳ ಮಕ್ಕಳು ಇಪ್ಪತ್ತು ವರ್ಷದ ನಂತರ ದಾವೆ ಹಾಕಿದ್ದನ್ನು ನಾನು ನೋಡಿದ್ದೇನೆ. ತಪ್ಪು ಅವರದ್ದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ತೋಟವನ್ನು ನಿಜವಾಗಿಯೂ ಭಾಗ ಮಾಡುವುದಾದರೆ, ಅಂದರೆ ಸರ್ವೆ ನಂಬರಿನ ಇಂತಿಷ್ಟು ಇವನಿಗೆ, ಇಂತಿಷ್ಟು ಅವನಿಗೆ ಎಂದಾದರೆ, ಮೊದಲು 11ಇ ನಕ್ಷೆ ಮಾಡಿಸಬೇಕು. ಭೂಮಾಪಕರು ಬಂದು ಅಳತೆ ಮಾಡಿ ನಕ್ಷೆ ಕೊಡದೆ ನೋಂದಣಿ ಮುಂದೆ ಹೋಗದು. ಅಳತೆಯ ದಿನ ಪಕ್ಕದ ತೋಟದವರಿಗೂ ಹೇಳಿ ಕಳುಹಿಸಿ. ಬದುವಿನ ಮೇಲಿನ ತೆಂಗಿನ ಮರ ಯಾರದ್ದು ಎಂಬ ಮಾತು ಆ ದಿನವೇ ಮುಗಿದರೆ ಒಳ್ಳೆಯದು.

ಇನ್ನು ಮನೆ. ಅದು ನಿಮ್ಮ ಸ್ವಯಾರ್ಜಿತ. ಯಾರನ್ನೂ ಕೇಳಬೇಕಾಗಿಲ್ಲ. ಚಿಕ್ಕವನಿಗೇ ಕೊಡಿ, ದೊಡ್ಡವನಿಗೇ ಕೊಡಿ, ಊರಿನ ಶಾಲೆಗೆ ಕೊಡಿ. ನೀವು ಬದುಕಿರುವಾಗ ಅದರಲ್ಲಿ ಮಕ್ಕಳಿಗೆ ಹಕ್ಕಿಲ್ಲ. ನಿಮ್ಮ ಮುಂದಿರುವುದು ಎರಡು ದಾರಿ: ದಾನಪತ್ರ ಅಥವಾ ಮರಣಶಾಸನ. ಮಗನಿಗೇ ಕ್ರಯ ಮಾಡಿಕೊಟ್ಟಂತೆ ಬರೆಯುವವರೂ ಇದ್ದಾರೆ. ಹಣ ಕೈ ಬದಲಾಗದೆ ಕ್ರಯವೆಂದು ಬರೆಯುವುದು ಸುಳ್ಳು, ಅದೂ ದುಬಾರಿ ಸುಳ್ಳು. ಕ್ರಯವಾದರೆ 45 ಲಕ್ಷ ರೂಪಾಯಿ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕವೇ ಶೇ 5, ಜೊತೆಗೆ ಉಪಕರ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ. ಮಗನಿಗೆ ದಾನ ಕೊಟ್ಟರೆ ಮುದ್ರಾಂಕ ಶುಲ್ಕ ಬೆಲೆಯ ಮೇಲಿನ ಶೇಕಡಾವಾರು ಅಲ್ಲ, ಕೆಲವು ಸಾವಿರದ ನಿಗದಿತ ಮೊತ್ತ. ಹತ್ತಿರದ ಸಂಬಂಧಿಯಿಂದ ಬಂದ ದಾನಕ್ಕೆ ಪಡೆದವನು ಆದಾಯ ತೆರಿಗೆಯನ್ನೂ ಕಟ್ಟಬೇಕಿಲ್ಲ.

ಇಷ್ಟು ಅಗ್ಗವಾಗಿರುವುದರಿಂದಲೇ ದಾನಪತ್ರಕ್ಕೆ ಜನ ಮುಗಿಬೀಳುತ್ತಾರೆ. ನನಗೆ ಭಯವಾಗುವುದೂ ಅದಕ್ಕೇ.

ಕೆಲವು ವರ್ಷಗಳ ಹಿಂದೆ ಉಪನೋಂದಣಾಧಿಕಾರಿ ಕಚೇರಿಯೊಂದರಲ್ಲಿ ಬೇರೆ ಕೆಲಸಕ್ಕೆಂದು ಕುಳಿತಿದ್ದೆ. ಪಕ್ಕದ ಕೌಂಟರಿನಲ್ಲಿ ಒಬ್ಬ ಅಜ್ಜಿಯ ಹೆಬ್ಬೆಟ್ಟು ಯಂತ್ರಕ್ಕೆ ಹತ್ತುತ್ತಿರಲಿಲ್ಲ. ವರ್ಷಗಟ್ಟಲೆ ಕಾಯಿ ಸುಲಿದು ಗೆರೆಗಳೇ ಸವೆದುಹೋದ ಬೆರಳು. ಮಗ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒತ್ತಿಸಿ, ಮತ್ತೆ ಒರೆಸಿ, ಅಂತೂ ಹಸಿರು ದೀಪ ಬಂತು. ‘ಏನು ಬರೆದುಕೊಡುತ್ತಿದ್ದೀರಮ್ಮ?’ ಎಂದು ಅಧಿಕಾರಿ ಕ್ರಮಪ್ರಕಾರ ಕೇಳಿದರು. ಅಜ್ಜಿ ಮಗನ ಮುಖ ನೋಡಿ ‘ಖಾತೆ’ ಎಂದರು. ಎರಡು ವರ್ಷದ ಮೇಲೆ ಅದೇ ಅಜ್ಜಿ ನನ್ನ ಕಚೇರಿಗೆ ಬಂದಾಗ ನಾನು ಗುರುತು ಹಿಡಿದದ್ದು ಬೆರಳಿನಿಂದ. ಪತ್ರದ ಮೂರನೇ ಪುಟದಲ್ಲಿ, ಎಲ್ಲ ದಾನಪತ್ರಗಳಲ್ಲೂ ಬರುವ ಆ ಸಾಲು ಇತ್ತು: ‘ಈ ದಿನವೇ ಸ್ವಾಧೀನ ಬಿಟ್ಟುಕೊಟ್ಟಿರುತ್ತೇನೆ. ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ.’ ಬರಹಗಾರರ ಕಂಪ್ಯೂಟರಿನಲ್ಲಿ ಕಾಯಂ ಆಗಿ ಕುಳಿತಿರುವ ಸಾಲು ಅದು. ಯಾರೋ ದ್ವೇಷದಿಂದ ಸೇರಿಸಿದ್ದಲ್ಲ. ಯಾರೂ ತೆಗೆದಿರಲಿಲ್ಲ, ಅಷ್ಟೇ.

ದಾನ ಒಮ್ಮೆ ಕೊಟ್ಟು, ಪಡೆದವನು ಒಪ್ಪಿಕೊಂಡ ಮೇಲೆ, ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗುವುದಿಲ್ಲ. ಒಬ್ಬರೇ ಹೋಗಿ ‘ರದ್ದತಿ ಪತ್ರ’ ಬರೆಸಿಕೊಂಡು ಬರುವವರಿದ್ದಾರೆ. ಅದಕ್ಕೆ ಖರ್ಚಾದ ಹಣ ವ್ಯರ್ಥ. ವಂಚನೆ, ಬಲವಂತ ನಡೆದಿದ್ದರೆ ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು.

ಹಿರಿಯರಿಗೆ ಇನ್ನೊಂದು ಬಾಗಿಲಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯ 23ನೇ ಕಲಂ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಅರವತ್ತು ದಾಟಿದವರು ಆಸ್ತಿ ಕೊಟ್ಟು, ಪಡೆದವನು ನೋಡಿಕೊಳ್ಳದೆ ಹೋದರೆ, ಆ ವರ್ಗಾವಣೆಯನ್ನು ಅನೂರ್ಜಿತವೆಂದು ನ್ಯಾಯಮಂಡಳಿ ಘೋಷಿಸಬಹುದು. ನಮ್ಮ ರಾಜ್ಯದಲ್ಲಿ ಆ ನ್ಯಾಯಮಂಡಳಿಯ ಅಧ್ಯಕ್ಷತೆ ಉಪವಿಭಾಗಾಧಿಕಾರಿಯದ್ದು. ನಿಮಗೆ ತಿಪಟೂರಿನಲ್ಲೇ ಆ ಕಚೇರಿ ಇದೆ. ಆದರೆ ‘ಷರತ್ತಿನ ಮೇಲೆ’ ಎಂಬ ಮಾತನ್ನು ಗಮನಿಸಿ. ಷರತ್ತು ಇತ್ತೆಂದು ತೋರಿಸಬೇಕು, ಪ್ರೀತಿಯಿಂದ ಕೊಟ್ಟೆ ಎಂದಷ್ಟೇ ಇದ್ದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಬಂದ ಊರ್ಮಿಳಾ ದೀಕ್ಷಿತ್ ತೀರ್ಪು ಹಿರಿಯರ ಕಡೆಗೆ ಹೆಚ್ಚು ಉದಾರವಾಗಿದೆ. ಅಲ್ಲಿ ಮಗ ನೋಡಿಕೊಳ್ಳುತ್ತೇನೆಂದು ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ. ನ್ಯಾಯಾಲಯ ಆಸ್ತಿಯನ್ನು ತಾಯಿಗೆ ಮರಳಿಸಿತು. ಎರಡನ್ನೂ ಓದಿದ ನನ್ನ ಸಲಹೆ ಒಂದೇ: ಷರತ್ತನ್ನು ದಾನಪತ್ರದ ಹೊಟ್ಟೆಯೊಳಗೇ ಬರೆಸಿ.

ದಾನಪತ್ರವನ್ನೇ ಮಾಡುವುದಾದರೆ ಇಂಥ ಮಾತುಗಳು ಅದರಲ್ಲಿರಲಿ: ‘ಷೆಡ್ಯೂಲ್ ಸ್ವತ್ತಿನಲ್ಲಿ ನನ್ನ ಜೀವಿತಾವಧಿಯವರೆಗೆ ವಾಸಿಸುವ ಮತ್ತು ಅದರ ಬಾಡಿಗೆ ಪಡೆಯುವ ಹಕ್ಕನ್ನು ನಾನು ಉಳಿಸಿಕೊಂಡಿರುತ್ತೇನೆ. ದಾನ ಪಡೆದವರು ನನಗೆ ಊಟ, ವಸತಿ, ಔಷಧೋಪಚಾರ ಮುಂತಾದ ಮೂಲ ಅಗತ್ಯಗಳನ್ನು ಒದಗಿಸತಕ್ಕದ್ದು. ಈ ಷರತ್ತಿನ ಮೇಲೆ ಈ ದಾನವನ್ನು ನೀಡಲಾಗಿದ್ದು, ಅವರು ತಪ್ಪಿದಲ್ಲಿ ಇದನ್ನು ರದ್ದುಪಡಿಸಿಕೊಳ್ಳಲು ನಾನು ಹಕ್ಕುಳ್ಳವನಾಗಿರುತ್ತೇನೆ.’ ಸ್ವಾಧೀನ ಬಿಟ್ಟುಕೊಡದಿದ್ದರೆ ದಾನ ಪೂರ್ಣವಾಗುವುದಿಲ್ಲ ಎಂದು ಬರಹಗಾರರು ಗೊಣಗಬಹುದು. ಹಿಂದೂಗಳ ನೋಂದಾಯಿತ ದಾನಪತ್ರಕ್ಕೆ ಆ ಮಾತು ಅನ್ವಯಿಸುವುದಿಲ್ಲ. ಜೀವಿತಹಕ್ಕು ಉಳಿಸಿಕೊಂಡ ದಾನವೂ ಊರ್ಜಿತವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಮುಸ್ಲಿಮರ ಹಿಬಾದಲ್ಲಿ, ಅಂದರೆ ಅವರ ಕಾನೂನಿನ ದಾನದಲ್ಲಿ ಮಾತ್ರ ಸ್ವಾಧೀನ ಕೊಡುವುದು ಮುಖ್ಯ, ಬಹುಶಃ ಅದನ್ನು ಕೇಳಿ ಇದಕ್ಕೆ ಬೆರೆಸಿಕೊಂಡಿರುತ್ತಾರೆ. ‘ಮಗ ಇದನ್ನು ಎಂದೂ ಮಾರಬಾರದು’ ಎಂದು ಬರೆಸಲು ಹೋಗಬೇಡಿ, ಅಂಥ ಪೂರ್ತಿ ನಿರ್ಬಂಧ ನಿಲ್ಲುವುದಿಲ್ಲ. ಅವನು ಮಾರಿದರೂ ಪತ್ರದಲ್ಲಿರುವ ನಿಮ್ಮ ಜೀವಿತಹಕ್ಕಿಗೆ ಕೊಂಡವನೂ ಬದ್ಧ. ಅಷ್ಟು ಸಾಕು.

ಈ ಯಾವ ಷರತ್ತಿನಿಂದಲೂ ತಪ್ಪಿಸಲಾಗದ ಒಂದು ಸಂಗತಿಯಿದೆ, ಹೇಳಲು ಕಷ್ಟ, ಹೇಳದೆ ಇರುವುದು ತಪ್ಪು. ಮಗ ನಿಮಗಿಂತ ಮೊದಲೇ ಹೋದರೆ? ಮನೆ ಅವನ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಮೃತ ಮಗನ ತಾಯಿ ಮೊದಲ ದರ್ಜೆಯ ವಾರಸುದಾರಳು, ತಂದೆ ಅಲ್ಲ. ಜೀವಿತಹಕ್ಕು ಬರೆಸಿಕೊಂಡಿರದಿದ್ದರೆ ನೀವು ಕಟ್ಟಿಸಿದ ಮನೆಯಲ್ಲಿ ನೀವು ಅತಿಥಿ.

ಮರಣಶಾಸನದಲ್ಲಿ ಈ ತೊಡಕು ಇಲ್ಲ. ನೀವಿರುವವರೆಗೆ ಮನೆ ನಿಮ್ಮದೇ, ಎಷ್ಟು ಸಲ ಬೇಕಾದರೂ ತಿದ್ದಬಹುದು, ಕೊನೆಯದೇ ಊರ್ಜಿತ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ನೀವು ಸಹಿ ಹಾಕುವಾಗ ಎದುರಿಗಿದ್ದು ಸಹಿ ಹಾಕುವ ಇಬ್ಬರು ಸಾಕ್ಷಿಗಳು ಬೇಕು. ನಿಮ್ಮ ಓರಗೆಯ ನಿವೃತ್ತ ಶಿಕ್ಷಕರನ್ನು ಕರೆಯಬೇಡಿ. ಮುಂದೆ ತಕರಾರು ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುತ್ತದೆ. ಐವತ್ತು ದಾಟದವರು ಉತ್ತಮ, ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಸಿಗದೆ ಇರುವುದಿಲ್ಲ. ಆಸ್ತಿ ಪಡೆಯುವ ಮಗ, ಸೊಸೆ ಸಾಕ್ಷಿ ಹಾಕಬಾರದು, ಕರಡು ಬರೆಸುವಾಗ ಪಕ್ಕದಲ್ಲಿ ಕೂರುವುದೂ ಬೇಡ. ಆಸುಪಾಸಿನ ದಿನಾಂಕದ ವೈದ್ಯರ ಪ್ರಮಾಣಪತ್ರವೊಂದು ಜೊತೆಗಿರಲಿ. ದೊಡ್ಡವನಿಗೆ ಮನೆಯಲ್ಲಿ ಪಾಲು ಏಕಿಲ್ಲ ಎಂಬುದನ್ನು ಎರಡು ಸಾಲಿನಲ್ಲಿ ಕಾರಣಸಹಿತ ಬರೆಯಿರಿ. ಓದಿಸಲು ಖರ್ಚು ಮಾಡಿದ್ದು, ಬೆಂಗಳೂರಿನಲ್ಲಿ ಮನೆ ಕೊಳ್ಳಲು ಕೊಟ್ಟದ್ದು, ಏನಿದ್ದರೂ. ಮಗನ ಹೆಸರನ್ನೇ ಎತ್ತದ ಮರಣಶಾಸನವನ್ನು ನ್ಯಾಯಾಧೀಶರು ಅನುಮಾನದಿಂದ ನೋಡುತ್ತಾರೆ.

ಮರಣಶಾಸನದ ದೌರ್ಬಲ್ಯವೂ ಇದೆ. ಅದು ಮಾತಾಡುವ ಹೊತ್ತಿಗೆ ನೀವು ಇರುವುದಿಲ್ಲ. ದೊಡ್ಡವನು ಖಾತೆಗೆ ತಕರಾರು ಅರ್ಜಿ ಹಾಕಿದರೆ ಚಿಕ್ಕವನು ಕೆಲವು ವರ್ಷ ಕೋರ್ಟಿಗೆ ಅಲೆಯಬೇಕಾಗಬಹುದು. ಆ ತಾಪತ್ರಯ ಅವನಿಗೆ ಬೇಡ ಎಂಬುದೇ ನಿಮ್ಮ ಮುಖ್ಯ ಕಾಳಜಿಯಾದರೆ ಜೀವಿತಹಕ್ಕು ಉಳಿಸಿಕೊಂಡ ದಾನಪತ್ರ ಸರಿ. ಎರಡರ ನಡುವೆ ಆಯ್ಕೆ ಮಾಡಬೇಕಾದದ್ದು ಖರ್ಚಿನ ಲೆಕ್ಕದಿಂದ ಅಲ್ಲ, ನಿಮಗೆ ಯಾವ ಭಯ ದೊಡ್ಡದು ಎಂಬುದರಿಂದ: ನಿಮ್ಮ ನಂತರ ಅಣ್ಣತಮ್ಮಂದಿರ ಜಗಳವೋ, ನೀವಿರುವಾಗಲೇ ನಿಮ್ಮ ನೆಲೆಯೋ.

ಹೊಡೆದುಹಾಕಿದ ಆ ‘ಆದರೆ’ಯನ್ನು ಮತ್ತೆ ನೋಡಿದೆ. ಅದರ ಮುಂದೆ ಏನಿತ್ತೆಂದು ನಾನು ಕೇಳುವುದಿಲ್ಲ. ಆದರೆ ಅದು ಅಲ್ಲಿರುವವರೆಗೆ ದಾನಪತ್ರ ಮಾಡಬೇಡಿ. ಮನೆಗೆ ಮರಣಶಾಸನ, ತೋಟಕ್ಕೆ ವಿಭಾಗ ಪತ್ರ. ಮೂರು ವರ್ಷ ಬಿಟ್ಟು ಮನಸ್ಸು ನಿಶ್ಚಿಂತೆಯಾದರೆ ದಾನಪತ್ರ ಆಗಲೂ ಮಾಡಬಹುದು. ಉಪನೋಂದಣಾಧಿಕಾರಿ ಕಚೇರಿ ಎಲ್ಲಿಗೂ ಹೋಗುವುದಿಲ್ಲ. ಆಗ ಕಾಲು ಸಹಕರಿಸದಿದ್ದರೆ, ಕಾರಣ ತೋರಿಸಿ ಕೇಳಿಕೊಂಡರೆ ಅಧಿಕಾರಿಯೇ ಮನೆಗೆ ಬಂದು ನೋಂದಣಿ ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ.

ಕಚೇರಿಯ ಕ್ರಮ ಈಗ ಮೊದಲಿನಷ್ಟು ತ್ರಾಸವಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಕರಡು ಹಾಕಿ, ಅವರು ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ, ಸಮಯ ಕಾದಿರಿಸಿಕೊಂಡು ಹೋದರೆ ಭಾವಚಿತ್ರ, ಹೆಬ್ಬೆಟ್ಟು, ಸಹಿಗೆ ಅರ್ಧ ದಿನ ಸಾಕು. ಮನೆಯ ಇ-ಖಾತೆಯನ್ನು ನಗರಸಭೆಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ಮುಂದೆ ದಾನವಾಗಲಿ ಕ್ರಯವಾಗಲಿ ಅದಿಲ್ಲದೆ ಕರಡೇ ಮುಂದೆ ಸಾಗುವುದಿಲ್ಲ. ಆಸ್ತಿಯ ಮೇಲೆ ಸಾಲ, ವಹಿವಾಟು ಏನಿದೆ ಎಂದು ತೋರಿಸುವ ಋಣಭಾರ ಪತ್ರವನ್ನೂ ತೆಗೆಸಿ. ಕರಡು ಕೈಗೆ ಬಂದಾಗ ಮೊದಲ ಪುಟದ ಹೊಗಳಿಕೆ ಬಿಟ್ಟು ಆಸ್ತಿಯ ವಿವರವಿರುವ ಷೆಡ್ಯೂಲಿಗೆ ಹೋಗಿ, ಚೆಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳನ್ನು 1991ರ ಕ್ರಯಪತ್ರದ ಪಕ್ಕದಲ್ಲಿಟ್ಟು ಅಕ್ಷರಕ್ಕಕ್ಷರ ತಾಳೆ ನೋಡಿ. ಪೂರ್ವಕ್ಕೆ ರಸ್ತೆ ಇರಬೇಕಾದದ್ದು ಪಶ್ಚಿಮಕ್ಕೆ ಬಂದ ಪತ್ರಗಳನ್ನು ತಿದ್ದುಪಡಿ ಪತ್ರ ಬರೆಸಿ ಸರಿಪಡಿಸುವುದೇ ನನ್ನ ಕಸುಬಿನ ಅರ್ಧ ಪಾಲು. ಉತ್ತರಪತ್ರಿಕೆ ತಿದ್ದಿದ ಕಣ್ಣು ನಿಮ್ಮದು, ಈ ಕೆಲಸವನ್ನು ಬೇರೆಯವರಿಗೆ ಬಿಡಬೇಡಿ.

ವಿಭಾಗ ಪತ್ರಕ್ಕೆ ಮಗಳ ಸಹಿ ಬೇಕಲ್ಲ. ಅವಳು ಅಮೆರಿಕದಿಂದಲೇ ಅಧಿಕಾರಪತ್ರ ಕಳುಹಿಸಬಹುದು. ಅದನ್ನು ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ಮುಂದೆ ದೃಢೀಕರಿಸಿರಬೇಕು; ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು; ಈ ಒಂದು ಕೆಲಸಕ್ಕೆ ಮಾತ್ರ ಎಂದು ಬರೆದಿರಬೇಕು; ಅದನ್ನು ಚಿಕ್ಕವನ ಹೆಸರಿಗೆ ಕೊಡಲೇಬಾರದು, ಲಾಭ ಪಡೆಯುವವನೇ ಬಿಟ್ಟುಕೊಡುವವಳ ಪರವಾಗಿ ಸಹಿ ಹಾಕಿದರೆ ನಾಳೆ ಅದೇ ಪ್ರಶ್ನೆಯಾಗುತ್ತದೆ. ಆದರೆ ಇಷ್ಟೆಲ್ಲ ಏಕೆ? ಡಿಸೆಂಬರ್‌ನಲ್ಲಿ ಅವಳೇ ಬರುತ್ತಿದ್ದಾಳೆ. 11ಇ ನಕ್ಷೆಗೆ ಈ ವಾರವೇ ಅರ್ಜಿ ಹಾಕಿ. ದೊಡ್ಡವನಿಗೂ ಈಗಲೇ ಒಂದು ಮಾತು ಹೇಳಿ, ಅವನಿಗೆ ವಿಷಯ ತಿಳಿದಿದೆಯೋ ಇಲ್ಲವೋ ಎಂದು ನೀವು ಪತ್ರದಲ್ಲಿ ಎಲ್ಲೂ ಬರೆದಿಲ್ಲ.